ಫಿಟ್ಸ್ ಇಲ್ಲದವರಿಗೆ ಫಿಟ್ಸ್ ಗುಳಿಗೆ ಯಾಕೆ?

ಜಗಳೂರು ಕಡೆಯಿಂದ ಬಂದಿದ್ದ ಆ ಅಕ್ಕ ಚೀಟಿಯನ್ನು ಗಾಜಿನ ಮೇಲಿಟ್ಟು, ನಾನು ತೆಗೆದುಕೊಟ್ಟ ಗುಳಿಗೆ ಶೀಟನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದರು. ಜೊತೆಗಿದ್ದ ಮಗ ಅಷ್ಟರಲ್ಲೇ ಮೊಬೈಲಿನಲ್ಲಿ ಹೆಸರು ಹುಡುಕಿಬಿಟ್ಟಿದ್ದ. "ಅಮ್ಮಾ, ಇದು ಫಿಟ್ಸ್ ಗುಳಿಗೆ" ಅಂದ. ಅಕ್ಕನ ಮುಖ ಸಣ್ಣಗಾಯಿತು. "ಅಣ್ಣಾ, ನಮ್ಮನೆಯವರಿಗೆ ಫಿಟ್ಸ್ ಇಲ್ಲ. ಕುಡಿತ ಬಿಡಿಸಾಕೆ ಅಂತ ತೋರ್ಸಿದ್ದು. ಬೇರೆಯವ್ರ ಚೀಟಿ ನಮ್ಗೆ ಬಂದೈತೇನೋ ನೋಡ್ರಿ."

ಚೀಟಿ ಅವರದೇ. ಟೋಪಿರಾಮೇಟ್, 25 ಮಿಲಿಗ್ರಾಂ, ರಾತ್ರಿ ಒಂದು. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿರುವ ನನ್ನ ಮೆಡಿಕಲ್ ಶಾಪಿಗೆ ಈ ಗುಳಿಗೆ ಕೇಳಿಕೊಂಡು ಮೂರು ಬಗೆಯವರು ಬರುತ್ತಾರೆ. ಫಿಟ್ಸ್ ಇರುವವರು, ಅರೆತಲೆನೋವಿನವರು, ಇತ್ತೀಚೆಗೆ ಕುಡಿತ ಬಿಡಬೇಕೆಂದಿರುವವರು. ಮೂರನೆಯವರಲ್ಲಿ ಹೆಚ್ಚಿನವರು ಅಕ್ಕ ಕೇಳಿದ್ದನ್ನೇ ಕೇಳುತ್ತಾರೆ. ಕೆಲವರು ಕೇಳದೆ ಮನೆಗೆ ಹೋಗಿ ಗುಳಿಗೆಯನ್ನು ಗೂಡಿನಲ್ಲಿಟ್ಟು ಸುಮ್ಮನಾಗುತ್ತಾರೆ, ಅದು ಇನ್ನೂ ಕೆಟ್ಟದ್ದು. ಗಿರಾಕಿಗಳು ಸಾಲು ನಿಂತಿದ್ದಾಗ ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಅವತ್ತು ಅಕ್ಕನಿಗೆ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಫಿಟ್ಸ್ ಅಂದರೇನು ಅಂತ ನೋಡಬೇಕು. ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದೊಂದು ಕೋಶವೂ ಉಪ್ಪುನೀರಿನಲ್ಲಿ ಕೂತಿರುವ ಸಣ್ಣ ಚೀಲ. ಹೊರಗೆ ಸೋಡಿಯಂ ಜಾಸ್ತಿ, ಒಳಗೆ ಪೊಟ್ಯಾಸಿಯಂ ಜಾಸ್ತಿ. ಈ ವ್ಯತ್ಯಾಸದಿಂದ ಕೋಶದ ಗೋಡೆಯ ಆಚೀಚೆ 70 ಮಿಲಿವೋಲ್ಟಿನಷ್ಟು ವಿದ್ಯುತ್ತು ಸದಾ ನಿಂತಿರುತ್ತದೆ. ಕೆರೆಯಲ್ಲಿ ನೀರು ನಿಂತ ಹಾಗೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಏರಿಯ ಈಚೆ ಸಿದ್ಧ ನಾಲೆ, ಬಸವ ನಾಲೆ ಒಣಗಿ ಬಿದ್ದಿರಬಹುದು, ಆಚೆ ಸಮುದ್ರದಷ್ಟು ನೀರು ಕಾಯುತ್ತಿರುತ್ತದೆ. ತೂಬು ಎತ್ತಿದರೆ ಸಾಕು.

ನರಕೋಶದ ಗೋಡೆಯಲ್ಲೂ ಅಂಥ ತೂಬುಗಳಿವೆ, ಪ್ರೋಟೀನಿನಿಂದ ಆದವು. ಒಂದು ಮಟ್ಟದ ಪ್ರಚೋದನೆ ಸಿಕ್ಕಿದ ಕೂಡಲೇ ಸೋಡಿಯಂ ತೂಬು ತೆರೆಯುತ್ತದೆ, ಸೋಡಿಯಂ ಒಳಗೆ ನುಗ್ಗುತ್ತದೆ, ಕೋಶ ಒಂದು ಸಲ 'ಮಿಡಿಯುತ್ತದೆ'. ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತಿನ ಕೆಲಸ. ಆಮೇಲೆ ತೂಬು ತಾನಾಗಿಯೇ ಮುಚ್ಚಿಕೊಂಡು, ಸ್ವಲ್ಪ ಹೊತ್ತು ಬೀಗ ಹಾಕಿಕೊಂಡಂತೆ ಕೂರುತ್ತದೆ. ಇದನ್ನು ಲೆಕ್ಕ ಹಾಕಿ ತೋರಿಸಿದವರು ಹಾಡ್ಕಿನ್ ಮತ್ತು ಹಕ್ಸ್‌ಲೀ, 1952ರಲ್ಲಿ, ಅದೂ ಮನುಷ್ಯರ ನರದಲ್ಲಲ್ಲ, ಸಮುದ್ರದ ಸ್ಕ್ವಿಡ್ ಎಂಬ ಪ್ರಾಣಿಯ ದಪ್ಪ ನರದಲ್ಲಿ. 1963ರಲ್ಲಿ ಅವರಿಗೆ ನೊಬೆಲ್ ಬಂತು.

ಮಾಮೂಲಿ ದಿನಗಳಲ್ಲಿ ನರಕೋಶಗಳು ಸಂತೆಯ ಜನರ ಹಾಗೆ, ಒಬ್ಬೊಬ್ಬರದು ಒಂದೊಂದು ಮಾತು. ಒಟ್ಟಾರೆ ಗದ್ದಲ, ಆದರೆ ವ್ಯಾಪಾರ ನಡೆಯುತ್ತಿರುತ್ತದೆ. ಇಡೀ ಸಂತೆ ಒಂದೇ ತಾಳಕ್ಕೆ, ಒಂದೇ ಉಸಿರಿಗೆ ಕೂಗತೊಡಗಿದರೆ ಅದೇ ಫಿಟ್ಸ್. ಒಂದು ಗುಂಪು ನರಕೋಶಗಳು ಬಿಡುವಿಲ್ಲದೆ ಮಿಡಿಯುತ್ತವೆ, ಪಕ್ಕದವನ್ನೂ ಎಳೆದುಕೊಳ್ಳುತ್ತವೆ, ಮೈ ಸೆಟೆದು ನಡುಗುತ್ತದೆ. ದೆವ್ವ ಅಲ್ಲ, ಗ್ರಹಚಾರವೂ ಅಲ್ಲ. ಕೈಗೆ ಬೀಗದ ಕೈ ಕೊಟ್ಟರೆ, ಮೂಗಿಗೆ ಈರುಳ್ಳಿ ಹಿಡಿದರೆ ನಿಲ್ಲುವುದೂ ಅಲ್ಲ. ಹೆಚ್ಚಿನ ಫಿಟ್ಸ್ ಎರಡು ಮೂರು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ, ಹೆಸರು ಮಾತ್ರ ಬೀಗದ ಕೈಗೆ ಬರುತ್ತದೆ. ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನೂ ತುರುಕದೆ ಗಡಿಯಾರ ನೋಡಿಕೊಂಡಿರಿ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ.

ಒಂದು ಕೋಶ ಮಿಡಿಯಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ಅದರ ಸುತ್ತ ನಡೆಯುವ ಹಗ್ಗಜಗ್ಗಾಟ. ಇದಕ್ಕೆ ನನಗೆ ತೋಚುವ ಹೋಲಿಕೆ ನಾಯಕನಹಟ್ಟಿಯ ತೇರು. ಫಾಲ್ಗುಣದಲ್ಲಿ ತಿಪ್ಪೇರುದ್ರಸ್ವಾಮಿ ತೇರು ಹೊರಟಾಗ ಮುಂದೆ ಮಿಣಿ ಹಿಡಿದು ಎಳೆಯುವವರಿಗೆ ಲೆಕ್ಕವಿಲ್ಲ. ಎಲ್ಲರ ಕಣ್ಣೂ ಅವರ ಮೇಲೆ. ಆದರೆ ಗಾಲಿಯ ಪಕ್ಕದಲ್ಲೇ ನಡೆಯುತ್ತಾ, ಹೊತ್ತು ನೋಡಿ ಗಾಲಿಗೆ ಮರದ ದಿಮ್ಮಿ ಅಡ್ಡ ಕೊಡುವ ನಾಲ್ಕಾರು ಜನ ಇರುತ್ತಾರಲ್ಲ, ತೇರು ಉಳಿಯುವುದು ಅವರಿಂದ. ಮಿದುಳಿನಲ್ಲಿ ಮಿಣಿ ಎಳೆಯುವ ರಾಸಾಯನಿಕದ ಹೆಸರು ಗ್ಲುಟಮೇಟ್. ದಿಮ್ಮಿ ಕೊಡುವುದರ ಹೆಸರು ಗಾಬಾ. ಎರಡೂ ಇರಬೇಕು. ಎಳೆಯುವವರೇ ಇಲ್ಲದಿದ್ದರೆ ತೇರು ಕದಲುವುದಿಲ್ಲ, ದಿಮ್ಮಿಯವರಿಲ್ಲದಿದ್ದರೆ ಜನರ ಮೇಲೆ ಹತ್ತುತ್ತದೆ.

ಈಗ ಎಣ್ಣೆಯ ವಿಷಯಕ್ಕೆ ಬರೋಣ. ಅಡುಗೆ ಎಣ್ಣೆ ಅಲ್ಲ, ನಮ್ಮೂರಿನವರು ಯಾವುದಕ್ಕೆ ಎಣ್ಣೆ ಅನ್ನುತ್ತಾರೋ ಅದು. ಒಂದು ತೊಂಬತ್ತು ಒಳಗೆ ಹೋದರೆ ಆಲ್ಕೋಹಾಲು ಎರಡು ಕಡೆ ಕೈ ಹಾಕುತ್ತದೆ. ಗಾಬಾದ ಕೈ ಬಲಪಡಿಸುತ್ತದೆ, ಗ್ಲುಟಮೇಟಿನ ಒಂದು ಮುಖ್ಯ ತೂಬನ್ನು ಅದುಮುತ್ತದೆ. ಅಂದರೆ ದಿಮ್ಮಿಯವರ ಜೊತೆಗೆ ಇನ್ನಷ್ಟು ಜನ, ಮಿಣಿಯವರಲ್ಲಿ ಕೆಲವರು ರಜಾ. ತೇರು ನಿಧಾನ. ನಾಲಿಗೆ ತೊದಲುವುದು, ಕಾಲು ತಡವರಿಸುವುದು, 'ಹೋಗ್ಲಿ ಬಿಡು' ಅನ್ನಿಸುವುದು, ಎಲ್ಲಾ ಅದರದೇ. ಇದರ ಜೊತೆಗೇ ಮಿದುಳಿನ ನಡುಭಾಗದ ಒಂದು ಸಣ್ಣ ಗುಂಪು ನರಕೋಶಗಳು ಡೋಪಮೈನ್ ಬಿಡುತ್ತವೆ. 'ಇದು ಚೆನ್ನಾಗಿತ್ತು, ನೆನಪಿಟ್ಟುಕೋ' ಅಂತ ಮಿದುಳಿಗೆ ಗುರುತು ಹಾಕುವ ಕೆಲಸ ಅದರದು.

ದಿನಾ ಸಂಜೆ ಕುಡಿಯುವವರ ಮಿದುಳು ಮಾತ್ರ ಸುಮ್ಮನಿರುವುದಿಲ್ಲ, ಅದಕ್ಕೂ ಲೆಕ್ಕ ಗೊತ್ತು. ಹೊರಗಿನಿಂದ ಪ್ರತಿದಿನ ಇಷ್ಟು ಜನ ದಿಮ್ಮಿ ಹಿಡಿಯಲು ಬರುತ್ತಾರೆ ಅಂತಾದ ಮೇಲೆ ನಮ್ಮ ಮನೆಯ ಆಳುಗಳು ಯಾಕೆ ದಂಡ ಅಂತ ತನ್ನ ದಿಮ್ಮಿಯವರನ್ನು ಕಡಿಮೆ ಮಾಡುತ್ತದೆ. ಗಾಬಾ ಹಿಡಿದುಕೊಳ್ಳುವ ಗ್ರಾಹಕಗಳು ಮಂಕಾಗುತ್ತವೆ. ಇತ್ತ ಎಳೆಯುವವರನ್ನು ಹೆಚ್ಚು ಮಾಡಿಕೊಳ್ಳುತ್ತದೆ, ಗ್ಲುಟಮೇಟಿನ ಗ್ರಾಹಕಗಳು ಹೆಚ್ಚಾಗುತ್ತವೆ. ಮೊದಲು ತೊಂಬತ್ತಕ್ಕೆ ಏರುತ್ತಿದ್ದದ್ದು ಈಗ ಕ್ವಾರ್ಟರ್ ಹಾಕಿದರೂ ಏರುವುದಿಲ್ಲ ಎಂಬ ದೂರಿಗೆ ಕಾರಣ ಇದು. ಕಲಬೆರಕೆ ಮಾಲು ಅಂತ ಬಾರ್‌ನವನಿಗೆ ಬೈಯುವವರು ತಮ್ಮ ಮಿದುಳಿಗೇ ಬೈಯಬೇಕು.

ಇಂಥವರು ಒಂದು ದಿನ ಪಕ್ಕನೆ ನಿಲ್ಲಿಸಿದರೆ?

ನನ್ನ ಚಿಕ್ಕಪ್ಪನದೇ ಹೇಳುತ್ತೇನೆ. ಹದಿನೈದು ವರ್ಷ ಬಿಡದೆ ಕುಡಿದವರು ಒಂದು ಕಾರ್ತಿಕದಲ್ಲಿ ಅಯ್ಯಪ್ಪನ ಮಾಲೆ ಹಾಕಿಕೊಂಡರು. ಮನೆಯಲ್ಲಿ ಎಲ್ಲರಿಗೂ ಸಂತೋಷ. ಮಾಲೆ ಹಾಕಿದ ಸಂಜೆಯೇ ಕೈ ನಡುಕ, ಬೆವರು. ರಾತ್ರಿ ನಿದ್ದೆ ಇಲ್ಲ. ಮಾರನೇ ದಿನ ಬೆಳಿಗ್ಗೆ ತಣ್ಣೀರು ಸ್ನಾನ ಮಾಡಿ ಬಂದವರು ಪಡಸಾಲೆಯಲ್ಲೇ ಸೆಟೆದು ಬಿದ್ದರು. ಹಿಂದೆ ಅವರಿಗೆ ಒಮ್ಮೆಯೂ ಫಿಟ್ಸ್ ಬಂದಿರಲಿಲ್ಲ. ವ್ರತದಲ್ಲಿ ಏನೋ ಲೋಪವಾಗಿದೆ ಅಂತ ನಮ್ಮ ದೊಡ್ಡಮ್ಮ ತಪ್ಪುಕಾಣಿಕೆ ಕಟ್ಟಿಟ್ಟರು. ಲೋಪ ಆಗಿದ್ದು ದೇವರ ಕಡೆ ಅಲ್ಲ. ಹೊರಗಿನ ದಿಮ್ಮಿಯವರು ಒಂದೇ ದಿನಕ್ಕೆ ಬರುವುದು ಬಿಟ್ಟರು, ಮನೆಯ ಆಳುಗಳನ್ನು ಯಾವತ್ತೋ ಬಿಡಿಸಿ ಆಗಿತ್ತು, ಮಿಣಿಯ ತುಂಬ ಜನ. ತೇರು ಓಡಿತು.

ಕೊನೆಯ ಗುಟುಕಿನಿಂದ ಲೆಕ್ಕ ಹಾಕಿದರೆ ಸಾಮಾನ್ಯವಾಗಿ 6ರಿಂದ 48 ಗಂಟೆಯೊಳಗೆ ಈ ಫಿಟ್ಸ್ ಬರುತ್ತದೆ. ಎರಡು ಮೂರು ದಿನದ ಹೊತ್ತಿಗೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಗೋಡೆ ಮೇಲೆ ಹುಳ ಹರಿಯುತ್ತದೆ, ಹಗಲು ರಾತ್ರಿ ತಿಳಿಯುವುದಿಲ್ಲ, ಜ್ವರ ಏರುತ್ತದೆ. ಸನ್ನಿ ಅನ್ನುತ್ತೇವಲ್ಲ, ಅದು. ಜೀವವೇ ಹೋಗಬಹುದು. ಶ್ರಾವಣ ಮತ್ತು ಮಾಲೆ ಹಾಕುವ ತಿಂಗಳು ಬಂದರೆ ನನಗೆ ಭಕ್ತಿಯ ಜೊತೆಗೆ ಭಯವೂ ಬರುವುದು ಇದಕ್ಕೇ. ದಿನಾ ಕುಡಿಯುವವರು ಬಿಡುವುದಾದರೆ ಡಾಕ್ಟರರಿಗೆ ಹೇಳಿ ಬಿಡಬೇಕು. ಆ ಐದಾರು ದಿನ ದಾಟಿಸಲು ಲೊರಾಜೆಪಾಮ್, ಡಯಾಜೆಪಾಮ್‌ನಂಥ ಔಷಧಿ ಇವೆ. ಅವು ಗಾಬಾದ ಕೈಯನ್ನು ನೇರವಾಗಿ ಬಲಪಡಿಸುತ್ತವೆ, ಅಂದರೆ ಬಾಡಿಗೆ ದಿಮ್ಮಿಯವರನ್ನು ಕೂಡಿಸಿ, ದಿನಕ್ಕೆ ಇಬ್ಬಿಬ್ಬರಂತೆ ಕಡಿಮೆ ಮಾಡುತ್ತಾ ಬರುತ್ತವೆ. ಜೊತೆಗೆ ಥಯಾಮಿನ್, ಅಂದರೆ ವಿಟಮಿನ್ ಬಿ1.

ಇಲ್ಲಿ ಒಂದು ಸ್ವಾರಸ್ಯವಿದೆ, ಮುಂದಿನ ಮಾತಿಗೂ ಅದು ಬೇಕು. ಕುಡಿತ ಬಿಟ್ಟಾಗ ಬರುವುದೂ ಫಿಟ್ಸೇ, ಹಾಗಿದ್ದರೆ ಫಿಟ್ಸಿನ ಹಳೇ ಔಷಧಿ ಫೆನಿಟಾಯಿನ್ ಕೊಟ್ಟರಾಯಿತಲ್ಲ? 1938ರಿಂದ ಬಳಕೆಯಲ್ಲಿರುವ ಒಳ್ಳೆಯ ಗುಳಿಗೆ. ಪರೀಕ್ಷೆ ಮಾಡಿ ನೋಡಿದ್ದಾರೆ. ಕುಡಿತ ಬಿಟ್ಟವರ ಫಿಟ್ಸ್ ಮತ್ತೆ ಬರದಂತೆ ತಡೆಯುವುದರಲ್ಲಿ ಫೆನಿಟಾಯಿನ್ ಬರೀ ನೀರಿನ ಇಂಜೆಕ್ಷನ್‌ಗಿಂತ ಮೇಲಾಗಲಿಲ್ಲ. ಅದೇ ಲೊರಾಜೆಪಾಮ್ ಕೊಟ್ಟಾಗ, 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡನೇ ಸಲ ಫಿಟ್ಸ್ ಬಂದವರು ನೂರಕ್ಕೆ 3 ಮಂದಿ ಮಾತ್ರ. ಕೊಡದವರಲ್ಲಿ ನೂರಕ್ಕೆ 24. ಫೆನಿಟಾಯಿನ್ ಮುಖ್ಯವಾಗಿ ಕೈ ಹಾಕುವುದು ಸೋಡಿಯಂ ತೂಬಿಗೆ. ಕುಡಿತ ಬಿಟ್ಟವರಲ್ಲಿ ಕೆಟ್ಟಿರುವುದು ತೂಬಲ್ಲ, ದಿಮ್ಮಿ ಮತ್ತು ಮಿಣಿಯ ಲೆಕ್ಕ. ಫಿಟ್ಸ್ ಗುಳಿಗೆ ಅಂತ ಒಂದೇ ಹೆಸರಿಟ್ಟು ಕರೆದರೂ ಒಂದೊಂದರ ಕೆಲಸ ಒಂದೊಂದು ಕಡೆ. ಅಕ್ಕನ ಮಗನಿಗೆ ಮೊಬೈಲು ಹೇಳದೆ ಬಿಟ್ಟದ್ದು ಇದನ್ನೇ.

ಟೋಪಿರಾಮೇಟ್ ಹುಟ್ಟಿದ್ದು ಫಿಟ್ಸಿಗಾಗಿಯೂ ಅಲ್ಲ. 1979ರಲ್ಲಿ ಅಮೆರಿಕದ ಮೆಕ್‌ನೀಲ್ ಎಂಬ ಔಷಧಿ ಕಂಪನಿಯಲ್ಲಿ ಬ್ರೂಸ್ ಮೇರಿಯಾನಾಫ್ ಎಂಬ ರಸಾಯನ ವಿಜ್ಞಾನಿ ಸಕ್ಕರೆ ಕಾಯಿಲೆಗೆ ಮದ್ದು ಹುಡುಕುತ್ತಿದ್ದರು. ಹಣ್ಣಿನಲ್ಲಿರುವ ಸಕ್ಕರೆ ಫ್ರಕ್ಟೋಸ್ ಇದೆಯಲ್ಲ, ಅದರಿಂದಲೇ ಮಾಡಿದ ವಸ್ತು ಇದು. ಸಕ್ಕರೆ ಕಾಯಿಲೆಗೆ ಆಗಲಿಲ್ಲ, ಇಲಿಗಳ ಫಿಟ್ಸ್ ನಿಲ್ಲಿಸಿತು. 1995ರಲ್ಲಿ ಬ್ರಿಟನ್ನಿನಲ್ಲಿ, 1996ರಲ್ಲಿ ಅಮೆರಿಕದಲ್ಲಿ ಫಿಟ್ಸ್ ಔಷಧಿಯಾಗಿ ಬಂತು.

ಇದರ ಗುಣವೇ ಒಂದು ಬಾಗಿಲಿಗೆ ಅಂಟಿಕೊಳ್ಳದೆ ಇರುವುದು. ಸೋಡಿಯಂ ತೂಬು ಮುಚ್ಚಿ ಬೀಗ ಹಾಕಿಕೊಂಡ ಹೊತ್ತನ್ನು ಸ್ವಲ್ಪ ಎಳೆಯುತ್ತದೆ. ನಿಧಾನವಾಗಿ ಮಿಡಿಯುವ ಕೋಶಕ್ಕೆ ಇದರಿಂದ ಹೆಚ್ಚು ತೊಂದರೆ ಇಲ್ಲ. ಮುಂದಿನ ಮಿಡಿತದ ಹೊತ್ತಿಗೆ ಬೀಗ ತೆರೆದಿರುತ್ತದೆ. ಬಿಡುವಿಲ್ಲದೆ ಮಿಡಿಯುವ ಹುಚ್ಚು ಕೋಶ ಮಾತ್ರ ಸಿಕ್ಕಿಬೀಳುತ್ತದೆ. ಹೀಗಾಗಿಯೇ ಫಿಟ್ಸ್ ನಿಂತರೂ ಮನುಷ್ಯ ನಡೆದಾಡುತ್ತಾನೆ, ಲೆಕ್ಕ ಬರೆಯುತ್ತಾನೆ. ಎರಡನೆಯದಾಗಿ ಗಾಬಾದ ಕೈಗೆ ಒಂದಿಷ್ಟು ಬಲ ಕೊಡುತ್ತದೆ. ಮೂರನೆಯದಾಗಿ ಗ್ಲುಟಮೇಟಿನ ಗ್ರಾಹಕಗಳಲ್ಲಿ ಆಂಪಾ ಮತ್ತು ಕೈನೇಟ್ ಎಂಬ ಎರಡು ಬಗೆಯವನ್ನು ಅದುಮುತ್ತದೆ. ಮಿಣಿಯಿಂದ ಕೆಲವರನ್ನು ಬಿಡಿಸುವುದು ಅಂದರೆ ಇದೇ. ಇನ್ನೂ ಒಂದಿದೆ, ಮಿದುಳಿಗಿಂತ ನಾಲಿಗೆಗೆ ಸೇರಿದ್ದು, ಆಮೇಲೆ ಹೇಳುತ್ತೇನೆ.

ಈಗ ಕುಡಿತದ ಜೊತೆ ಇದನ್ನು ಕೂಡಿಸಿ ನೋಡಿ. ಕುಡಿತ ಬಿಟ್ಟ ಮೇಲೂ ತಿಂಗಳುಗಟ್ಟಲೆ ಮಿದುಳು ಹುರಿಗಟ್ಟಿಕೊಂಡೇ ಇರುತ್ತದೆ. ಹಮಾಲಿ ಕೆಲಸ ಮುಗಿಸಿ ಎ.ಪಿ.ಎಂ.ಸಿ. ಗೇಟು ದಾಟುವಾಗ ಸಂಜೆ ಆರು ಗಂಟೆ, ಎದುರಿಗೆ ಮಿರ್ಚಿ ಕರಿಯುವ ವಾಸನೆ, ಹಳೇ ಜೊತೆಗಾರ 'ಬರ್ತೀಯೇನಲೇ' ಅನ್ನುತ್ತಾನೆ. ಕಾಲು ತಾನಾಗಿ ತಿರುಗುತ್ತದೆ. ಈ 'ತಾನಾಗಿ' ಇದೆಯಲ್ಲ, ಅದು ಗ್ಲುಟಮೇಟಿನ ದಾರಿಗಳಲ್ಲಿ ಓಡಿ ಬರುವ ನೆನಪು. ಆ ವಾಸನೆ, ಆ ಹೊತ್ತು, ಆ ದನಿ ಎಲ್ಲಾ ಸೇರಿ ಡೋಪಮೈನ್ ಬಿಡುವ ಕೋಶಗಳ ಕದ ತಟ್ಟುತ್ತವೆ. ಬ್ಯಾಂಕೋಲೆ ಜಾನ್ಸನ್ ಎಂಬ ವೈದ್ಯ ವಿಜ್ಞಾನಿಯ ತರ್ಕ ಹೀಗಿತ್ತು: ಆ ಕೋಶಗಳ ಮೇಲೆ ಗಾಬಾದ ಹಿಡಿತ ಹೆಚ್ಚಿಸಿ, ಗ್ಲುಟಮೇಟಿನ ತಳ್ಳುವಿಕೆ ಕಡಿಮೆ ಮಾಡಿದರೆ, ಕುಡಿದರೂ ಮೊದಲಿನಷ್ಟು ಡೋಪಮೈನ್ ಹೊರಡುವುದಿಲ್ಲ. ಮಜಾ ಕಡಿಮೆಯಾದರೆ ಕೈ ಗ್ಲಾಸಿಗೆ ಹೋಗುವುದೂ ಕಡಿಮೆಯಾದೀತು. ಈ ಎರಡನ್ನೂ ಒಟ್ಟಿಗೆ ಮಾಡುವ ಗುಳಿಗೆ ಫಿಟ್ಸಿನ ಕಪಾಟಿನಲ್ಲಿ ಆಗಲೇ ಇತ್ತು.

2003ರಲ್ಲಿ ಅವರ ತಂಡ 150 ಜನರ ಮೇಲೆ 12 ವಾರ ಇದನ್ನು ಪರೀಕ್ಷಿಸಿತು. ನನಗೆ ಹಿಡಿಸಿದ ಅಂಶ, ಆ ಜನ ಕುಡಿತ ಬಿಟ್ಟು ಬಂದವರಲ್ಲ. ಕುಡಿಯುತ್ತಿರುವಾಗಲೇ ಶುರು ಮಾಡಿದರು. 'ಮೊದಲು ಬಿಟ್ಟು ಬಾ, ಆಮೇಲೆ ಔಷಧಿ ಕೊಡುತ್ತೇನೆ' ಎಂಬ ಷರತ್ತು ಇರಲಿಲ್ಲ. ಗುಳಿಗೆ ತಗೊಂಡವರು ಕಡಿಮೆ ಕುಡಿದರು. 2007ರಲ್ಲಿ ಇನ್ನೂ ದೊಡ್ಡದಾಗಿ, 371 ಜನ, 14 ವಾರ. ಅದರ ಅಂಕಿ ಸ್ವಲ್ಪ ನಿಂತು ನೋಡುವಂಥದ್ದು. ಅವರು ಎಣಿಸಿದ್ದು 'ಭಾರೀ ಕುಡಿತದ ದಿನ'ಗಳನ್ನು. ಗಂಡಸಾದರೆ ಅಮೆರಿಕದ ಅಳತೆಯ ಐದು ಡ್ರಿಂಕ್ ಅಥವಾ ಹೆಚ್ಚು. ನಮ್ಮ ಲೆಕ್ಕಕ್ಕೆ ತಂದರೆ, 180 ಮಿಲಿಲೀಟರಿನ ಒಂದು ಕ್ವಾರ್ಟರ್ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್ ಇರುತ್ತದೆ, ಅವರ ಐದು ಡ್ರಿಂಕ್ ಸುಮಾರು 70 ಗ್ರಾಂ. ಕ್ವಾರ್ಟರಿನ ಮೇಲೆ ಇನ್ನೊಂಚೂರು ಹಾಕಿದ ದಿನ ಭಾರೀ ದಿನ ಅನ್ನಿ. ಶುರುವಿನಲ್ಲಿ ಎಲ್ಲರಿಗೂ ನೂರಕ್ಕೆ 82 ದಿನ ಭಾರೀ ದಿನಗಳೇ. ಕೊನೆಗೆ ಟೋಪಿರಾಮೇಟ್ ತಗೊಂಡವರದು ಸುಮಾರು 44ಕ್ಕೆ ಇಳಿಯಿತು.

ಖುಷಿ ಪಡುವ ಮೊದಲು ಇನ್ನೊಂದು ಅಂಕಿ ಕೇಳಿ. ಔಷಧಿಯೇ ಇಲ್ಲದ ಹುಸಿ ಗುಳಿಗೆ ತಗೊಂಡವರದೂ 52ಕ್ಕೆ ಇಳಿದಿತ್ತು. ಅಂದರೆ ಇಳಿತದ ದೊಡ್ಡ ಪಾಲು ಗುಳಿಗೆಯದಲ್ಲ. ವಾರ ವಾರ ಯಾರೋ ಕೂರಿಸಿಕೊಂಡು ಮಾತಾಡಿಸಿದ್ದು, ಎಷ್ಟು ಕುಡಿದೆ ಅಂತ ಬರೆಸಿದ್ದು, 'ನಾನು ಕಡಿಮೆ ಮಾಡಬೇಕು' ಅಂತ ಅವರು ಬಂದು ಕೂತದ್ದು, ಇವುಗಳ ಪಾಲು. ಅದರ ಮೇಲೆ ಗುಳಿಗೆ ಇನ್ನೂ ಎಂಟು ದಿನ ಸೇರಿಸಿತು. ನೂರು ದಿನದಲ್ಲಿ ಎಂಟು ದಿನ ಅಂದರೆ ಆ ಮನೆಯ ಹೆಂಗಸಿಗೆ ಸಣ್ಣದಲ್ಲ. ಆದರೆ ಬಸ್‌ಸ್ಟಾಂಡ್ ಗೋಡೆಯ ಮೇಲೆ 'ಒಂದೇ ಡೋಸಿನಲ್ಲಿ ಕುಡಿತ ಬಿಡಿಸುತ್ತೇವೆ' ಅಂತ ಬರೆಸುವವರ ಮಾತಿನ ಹತ್ತಿರಕ್ಕೂ ಇದು ಬರುವುದಿಲ್ಲ. ಅಮೆರಿಕದ ಮನೋವೈದ್ಯರ ಸಂಘ 2018ರ ಮಾರ್ಗಸೂಚಿಯಲ್ಲಿ ಟೋಪಿರಾಮೇಟನ್ನು ಎರಡನೇ ಸಾಲಿನಲ್ಲಿ ಕೂರಿಸಿದೆ. ಮೊದಲ ಸಾಲು ನಾಲ್ಟ್ರೆಕ್ಸೋನ್, ಅಕಾಂಪ್ರೋಸೇಟ್. ಅವು ಆಗದಿದ್ದರೆ, ಅಥವಾ ರೋಗಿಗೆ ಇದೇ ಬೇಕೆನ್ನಿಸಿದರೆ ಇದು.

ಯಾರಿಗೆ ಫಲಿಸುತ್ತದೆ ಅಂತ ಮೊದಲೇ ಹೇಳಲು ಸಾಧ್ಯವೇ ಎಂಬ ಹುಡುಕಾಟವೂ ನಡೆದಿದೆ. ಕೈನೇಟ್ ಗ್ರಾಹಕದ ಒಂದು ಜೀನಿನಲ್ಲಿ ಒಂದೇ ಒಂದು ಅಕ್ಷರದ ವ್ಯತ್ಯಾಸ ಇರುವವರಿಗೆ ಮಾತ್ರ ಇದು ಚೆನ್ನಾಗಿ ಕೆಲಸ ಮಾಡುತ್ತದೆ ಅಂತ 2014ರಲ್ಲಿ ಅಮೆರಿಕದ ಒಂದು ತಂಡ ಹೇಳಿದಾಗ ದೊಡ್ಡ ಸುದ್ದಿಯಾಯಿತು. ಆಮೇಲೆ ಅವರೇ ಜೀನ್ ನೋಡಿ ಗುಂಪು ಮಾಡಿ ಮತ್ತೆ ಪರೀಕ್ಷಿಸಿದಾಗ ಆ ವ್ಯತ್ಯಾಸ ನಿಲ್ಲಲಿಲ್ಲ. ವಿಜ್ಞಾನದಲ್ಲಿ ಹೀಗೂ ಆಗುತ್ತದೆ.

ಇನ್ನು ನಾಲಿಗೆಯ ಕಥೆ. ಹೋದ ಬೇಸಿಗೆಯಲ್ಲಿ ಒಬ್ಬ ಗಿರಾಕಿ, ಟೋಪಿರಾಮೇಟ್ ಶುರು ಮಾಡಿ ಆರು ವಾರ ಆಗಿತ್ತು, ಅಂಗಡಿಗೆ ಬಂದವರೇ ಪಕ್ಕದ ಗೋಲಿ ಸೋಡಾ ಗಾಡಿಯವನ ಮೇಲೆ ದೂರು ಹೇಳತೊಡಗಿದರು. "ಗೋಲಿ ಒತ್ತಿದ್ರೆ ಟುಸ್ ಅಂತೈತಣ್ಣ, ಗುಳ್ಳೆನೂ ಬರ್ತಾವು, ಬಾಯಿಗೆ ಹಾಕ್ಕೊಂಡ್ರೆ ಬರೀ ಸಪ್ಪೆ ನೀರು. ಗ್ಯಾಸೇ ಹಾಕಲ್ಲ ಅವ್ನು." ಮೂರು ಬಾಟ್ಲಿ ಬದಲಾಯಿಸಿಕೊಂಡರಂತೆ. ಗಾಡಿಯವನು ಪಾಪ ನಾಲ್ಕನೆಯದನ್ನು ತಾನೇ ಕುಡಿದು 'ಖಾರ ಐತಲ್ರೀ' ಅಂದನಂತೆ.

ಇಬ್ಬರದೂ ನಿಜ. ಸೋಡಾದ ಆ ಚುರುಕ್ ಅನ್ನುವುದು ಗುಳ್ಳೆ ಒಡೆದದ್ದರಿಂದ ಮಾತ್ರ ಬರುವುದಲ್ಲ. ನಾಲಿಗೆಯ ಹುಳಿ ಗುರುತಿಸುವ ಕೋಶಗಳ ಮೇಲೆ ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವ ಇರುತ್ತದೆ. ಸೋಡಾದ ಇಂಗಾಲದ ಡೈ ಆಕ್ಸೈಡನ್ನು ಅದು ಅಲ್ಲೇ ಆಮ್ಲವಾಗಿ ಒಡೆಯುತ್ತದೆ, ಆ ಆಮ್ಲಕ್ಕೆ ಕೋಶ ಮಿಡಿಯುತ್ತದೆ. ಇದು ಖಚಿತವಾಗಿ ಗೊತ್ತಾದದ್ದು 2009ರಲ್ಲಿ. ಟೋಪಿರಾಮೇಟ್ ಇದೇ ಕಿಣ್ವವನ್ನು ಅದುಮುತ್ತದೆ. ಗುಳ್ಳೆ ಕಣ್ಣಿಗೆ ಕಾಣುತ್ತದೆ, ನಾಲಿಗೆಗೆ ತಲುಪುವುದಿಲ್ಲ. ವಿಸ್ಕಿಗೆ ಸೋಡಾ ಬೆರೆಸುವವರಿಗೆ, ಬಿಯರ್‌ನವರಿಗೆ ಇದೂ ಒಂದು ಸಣ್ಣ ಬ್ರೇಕ್ ಅಂತ ನಾನು ತಮಾಷೆ ಮಾಡುವುದುಂಟು. ಆದರೆ ಔಷಧಿ ಕೆಲಸ ಮಾಡುವ ದಾರಿ ಇದಲ್ಲ, ಇದು ಪಕ್ಕದ ದಾರಿ. 2007ರ ಪರೀಕ್ಷೆಯಲ್ಲಿ ರುಚಿ ಕೆಟ್ಟಿತು ಅಂದವರು ನೂರಕ್ಕೆ 23. ಬೆರಳ ತುದಿ, ತುಟಿಯ ಅಂಚು ಜುಮ್ ಅನ್ನುತ್ತದೆ ಅಂದವರು ಅರ್ಧಕ್ಕರ್ಧ.

ಜುಮ್ ಅನ್ನುವುದಕ್ಕೆ ಹೆದರಬೇಕಾಗಿಲ್ಲ. ಕೆಲವು ಸಂಗತಿಗಳಿಗೆ ಮಾತ್ರ ಎಚ್ಚರ ಬೇಕು. ಮಾತು ನಾಲಿಗೆ ತುದಿಗೆ ಬಂದು ನಿಂತುಬಿಡುತ್ತದೆ. ಪರಿಚಿತರ ಹೆಸರು, ಸಾಮಾನಿನ ಹೆಸರು ಹೊಳೆಯುವುದಿಲ್ಲ. ನರಕೋಶಗಳನ್ನು ನಿಧಾನ ಮಾಡಿದ್ದಕ್ಕೆ ಕಟ್ಟುವ ತೆರಿಗೆ ಅದು. ಮೇಷ್ಟ್ರುಗಳಿಗೆ, ಲಾರಿ ಓಡಿಸುವವರಿಗೆ ಇದು ಕಷ್ಟ. ಹೀಗಾಗಿಯೇ 25 ಮಿಲಿಗ್ರಾಮಿನಿಂದ ಶುರು ಮಾಡಿ ವಾರಕ್ಕಿಷ್ಟು ಅಂತ ಏರಿಸುತ್ತಾರೆ. 200ಕ್ಕೋ 300ಕ್ಕೋ ಮುಟ್ಟಲು ಐದರಿಂದ ಎಂಟು ವಾರ ಹಿಡಿಯುತ್ತದೆ. ಬೇಗ ಗುಣವಾಗಲಿ ಅಂತ ನಾಲ್ಕು ಗುಳಿಗೆ ಒಟ್ಟಿಗೆ ನುಂಗಿದರೆ ಮಂಕು ಕವಿಯುವುದು ಬಿಟ್ಟರೆ ಬೇರೆ ಲಾಭವಿಲ್ಲ. ಇಷ್ಟು ನಿಧಾನ ಏರುವ ಔಷಧಿ, ಕುಡಿತ ಬಿಟ್ಟ ಮೊದಲ ಎರಡು ದಿನದ ಅಪಾಯಕ್ಕೆ ಸಿಗುವುದಿಲ್ಲ ಎಂಬುದೂ ಇದರಿಂದಲೇ ತಿಳಿಯುತ್ತದೆ. ಅದಕ್ಕೆ ಲೊರಾಜೆಪಾಮೇ ಬೇಕು.

ಬೆವರು ಕಡಿಮೆಯಾಗಬಹುದು. ಚಿತ್ರದುರ್ಗದ ಏಪ್ರಿಲ್ ಬಿಸಿಲಿನಲ್ಲಿ ಹೊಲದ ಕೆಲಸ ಮಾಡುವವರಿಗೆ ಇದು ಪುಸ್ತಕದ ಮಾತಲ್ಲ. ಬೆವರದ ಮೈ ಕಾಯುತ್ತದೆ. ಮೂತ್ರಪಿಂಡದಲ್ಲಿ ಕಲ್ಲಾಗಬಹುದು, ನೀರು ಚೆನ್ನಾಗಿ ಕುಡಿಯಬೇಕು. ಕಣ್ಣು ದಿಢೀರನೆ ಮಂಜಾಗಿ ನೋವು ಬಂದರೆ ಅದೇ ದಿನ ಕಣ್ಣಿನ ಡಾಕ್ಟರ್ ಹತ್ತಿರ ಹೋಗಬೇಕು, ಕಾಯಬಾರದು. ಮನಸ್ಸು ತೀರಾ ಕುಗ್ಗಿ ಬದುಕು ಬೇಡ ಅನ್ನಿಸಿದರೆ ಮುಚ್ಚಿಡಬಾರದು. ಬಸುರಿಯರಿಗೆ ಇದು ಒಳ್ಳೆಯದಲ್ಲ, ಮಗುವಿಗೆ ಸೀಳುತುಟಿಯ ಅಪಾಯವಿದೆ. ಒಂದು ಅನುಕೂಲವೂ ಇದೆ. ಹೆಚ್ಚು ಪಾಲು ಮೂತ್ರದಲ್ಲಿ ಹೊರಹೋಗುವುದರಿಂದ, ಕುಡಿದು ಕುಡಿದು ದಣಿದ ಲಿವರಿನ ಮೇಲೆ ಹೊರೆ ಕಡಿಮೆ. ಫಿಟ್ಸಿನ ಇನ್ನೊಂದು ಔಷಧಿ ವಾಲ್ಪ್ರೋಯೇಟ್ ಬಗ್ಗೆ ಹೀಗೆ ಹೇಳಲಾಗದು.

ಅಕ್ಕ ಅವತ್ತು ಹೋಗುವ ಮುಂಚೆ ದನಿ ತಗ್ಗಿಸಿ ಇನ್ನೊಂದು ಕೇಳಿದ್ದರು. "ಸಾರಿನಾಗೆ ಹಾಕಿ ಕೊಟ್ರೆ ನಡಿತತೇನಣ್ಣ? ಅವ್ರಿಗೆ ಗೊತ್ತಾಗದಂಗೆ." ಈ ಪ್ರಶ್ನೆ ಕೇಳದ ಹೆಂಡತಿ, ತಾಯಿ ಕಡಿಮೆ. ಇದರ ಬೇರು ಡೈಸಲ್ಫಿರಾಮ್ ಎಂಬ ಬೇರೆಯೇ ಗುಳಿಗೆಯಲ್ಲಿದೆ. 1948ರಲ್ಲಿ ಡೆನ್ಮಾರ್ಕಿನ ವೈದ್ಯರು ಅದನ್ನು ಕುಡಿತಕ್ಕೆ ತಂದರು. ಅದು ಮಿದುಳಿನ ಮಜಾ ಮುಟ್ಟುವುದಿಲ್ಲ. ಆಲ್ಕೋಹಾಲು ಲಿವರಿನಲ್ಲಿ ಕರಗುವ ದಾರಿಯನ್ನು ಅರ್ಧಕ್ಕೆ ಕಟ್ಟುತ್ತದೆ. ಕುಡಿದರೆ ವಿಷದಂಥ ವಸ್ತು ತುಂಬಿಕೊಂಡು ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಳ್ಳುತ್ತದೆ. ಗೊತ್ತಿದ್ದು ತಗೊಂಡವನು ಆ ಹೆದರಿಕೆಗೆ ಕುಡಿಯುವುದಿಲ್ಲ, ಅದೇ ಅದರ ಉಪಯೋಗ. ಗೊತ್ತಿಲ್ಲದೆ ಸಾರಿನಲ್ಲಿ ತಿಂದವನು ಕುಡಿದೇ ಕುಡಿಯುತ್ತಾನೆ, ಬಿ.ಪಿ. ಕುಸಿದು ಸಾಯಲೂಬಹುದು. ಟೋಪಿರಾಮೇಟ್ ಹಾಗೆ ವಾಂತಿ ಮಾಡಿಸುವುದಿಲ್ಲ, ಕುಡಿದರೆ ಮಂಪರು ಹೆಚ್ಚಾದೀತು ಅಷ್ಟೇ. ಆದರೂ ಕದ್ದು ಕೊಟ್ಟರೆ ವಾರ ವಾರ ಏರಿಸುವುದು ಹೇಗೆ, ಕಣ್ಣು ಮಂಜಾದರೆ ಅವನು ಯಾರಿಗೆ ಏನು ಹೇಳಬೇಕು? ಬೇಡಕ್ಕಾ, ಅವರ ಕೈಗೇ ಕೊಡಿ ಅಂದೆ.

ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಕುಡಿತದ ವಿಷಯಕ್ಕೆ ನೆರವು ಬೇಕಾದವರು 5.7 ಕೋಟಿ. ಕುಡಿತಕ್ಕೆ ಅಂಟಿಕೊಂಡವರಲ್ಲಿ 38 ಜನಕ್ಕೆ ಒಬ್ಬರು ಮಾತ್ರ ಏನಾದರೊಂದು ಚಿಕಿತ್ಸೆ ಪಡೆದಿದ್ದರು. ಹತ್ತಿರ ಮನೋವೈದ್ಯರಿಲ್ಲದವರು 14416ಕ್ಕೆ ಫೋನ್ ಮಾಡಬಹುದು, ಅದು ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ. ಚಟದ ವಿಷಯಕ್ಕೇ ಬೇರೆ ನಂಬರ್ ಇದೆ, 14446.

ಆ ಅಕ್ಕ ಐದನೇ ವಾರಕ್ಕೆ ಮತ್ತೆ ಬಂದರು. ಈ ಸಲ ಮಗನ ಕೈಯಲ್ಲಿ ನೂರು ಪುಟದ ನೋಟ್‌ಬುಕ್ ಇತ್ತು. ಡಾಕ್ಟರ್ ಬರೆಯಲು ಹೇಳಿದ್ದಾರಂತೆ. ವಾರಕ್ಕೊಂದು ಸಾಲು, ಸಾಲಿಗೆ ಏಳು ಚೌಕ. ಕ್ವಾರ್ಟರ್ ದಾಟಿದ ದಿನಕ್ಕೆ ಕೆಂಪು ಪೆನ್ನಿನಲ್ಲಿ ಸೊನ್ನೆ. ಮೊದಲ ಸಾಲಿನಲ್ಲಿ ಏಳೂ ಸೊನ್ನೆ. ಎರಡನೆಯದರಲ್ಲೂ ಏಳು. ಮೂರನೆಯದರಲ್ಲಿ ಐದು, ನಾಲ್ಕನೆಯದರಲ್ಲಿ ಮತ್ತೆ ಆರು, ಊರಲ್ಲಿ ಮದುವೆ ಇತ್ತಂತೆ. ಐದನೆಯದರಲ್ಲಿ ನಾಲ್ಕು.

"ಇದೇ ಸಾಕೇನಣ್ಣ?" ಅಂತ ಅಕ್ಕ ಕೇಳಿದರು. ನಾನು ಚೀಟಿ ನೋಡಿದೆ. ಈ ವಾರದಿಂದ ಬೆಳಿಗ್ಗೆ 50, ರಾತ್ರಿ 100.